ಲಿಂಬಿಹಣ್ಣಿನ ಬಣ್ಣಗಾರ

ಆಮ್ಲ, ಪ್ರತ್ಯಾಮ್ಲಗಳ ಪಾಠ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮಕ್ಕಳಿಗೆ ಅದು ಗೊತ್ತು. ಆ ವಾರ ಯಾರೂ ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟುವುದಿಲ್ಲ. ಮುಧೋಳದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಅರ್ಧಕ್ಕರ್ಧ ಕಬ್ಬು ಬೆಳೆಯುವವರ ಮಕ್ಕಳು. ಯೂರಿಯಾ ನೀರಿಗೆ ಹಾಕಿದರೆ ಬಕೆಟ್ಟು ತಣ್ಣಗಾಗುವುದು ಅವರಿಗೆ ಮೊದಲೇ ಗೊತ್ತಿರುತ್ತದೆ, ಅದಕ್ಕೆ ಅಂತರುಷ್ಣಕ ಅಂತ ಹೆಸರು ಕೊಡುವುದಷ್ಟೇ ನನ್ನ ಕೆಲಸ. ಆದರೆ ಆಮ್ಲಕ್ಕೆ ಪ್ರತ್ಯಾಮ್ಲ ಸೇರಿದರೆ ಲವಣ ಮತ್ತು ನೀರು ಎಂದು ಯಾರಾದರೂ ಗಿಳಿಯ ಹಾಗೆ ಒಪ್ಪಿಸಿದರೆ, ಮುಂದೇನು, ಮುಂದೇನು ಅಂತ ನಾನು ಬೆನ್ನು ಹತ್ತುತ್ತೇನೆ. ಉಷ್ಣ ಅನ್ನುವ ಮಾತು ಬಾಯಿಂದ ಬರುವ ತನಕ ಕೂಡಿಸುವುದಿಲ್ಲ.

ನಾನು ಓದುವಾಗ ಆ ಮಾತನ್ನು ಬಿಟ್ಟಿದ್ದೆ. ಪುಸ್ತಕದಲ್ಲಿ ಕೆಳಗೆಲ್ಲೋ ಇತ್ತು, ಇರಲಿಲ್ಲ ಅಂತ ಸುಳ್ಳು ಹೇಳಲಾರೆ. ಪರೀಕ್ಷೆಗೆ ಬರುವುದಿಲ್ಲ ಅಂತ ನಾನೇ ಬಿಟ್ಟೆ. ಅದರಿಂದ ನಮ್ಮಪ್ಪನ ಒಂದು ಕಣ್ಣು ಹೋಯಿತು.

ಅಪ್ಪ ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾಲ್ಕು ಬಾನಿ, ಒಂದು ಒಲೆ, ಕಾಸ್ಟಿಕ್ ಸೋಡಾದ ಡ್ರಮ್ಮು, ಬಣ್ಣ ಕರಗಿಸಲು ಹಾಕುವ ಹೈಡ್ರೋಸ್ ಪುಡಿಯ ಡಬ್ಬಿ. ಸುತ್ತಲಿನ ಓಣಿಯಲ್ಲೆಲ್ಲ ಮಗ್ಗಗಳ ಸಪ್ಪಳ. ನಮ್ಮ ಮನೆಯಲ್ಲಿ ಮಗ್ಗ ಇರಲಿಲ್ಲ, ಆದ್ದರಿಂದ ನಮ್ಮದು ಸ್ವಲ್ಪ ಸಪ್ಪಳ ಕಡಿಮೆಯ, ವಾಸನೆ ಹೆಚ್ಚಿನ ಮನೆ. ನೀಲಿ ಬಾನಿಯಿಂದ ನೂಲಿನ ಲಡಿ ಮೇಲೆತ್ತಿದಾಗ ಅದು ಹಸಿರು ಹಳದಿ ಬಣ್ಣದಲ್ಲಿರುತ್ತಿತ್ತು. ನೋಡನೋಡುತ್ತಿದ್ದಂತೆ ಅಂಚಿನಿಂದ ನೀಲಿ ಹತ್ತಿಕೊಂಡು ಬರುತ್ತಿತ್ತು. ನಾನು ಕೈ ಹಾಕಲು ಹೋದರೆ ಅಪ್ಪ, ತಡಿ, ನೂಲು ಗಾಳಿ ಕುಡೀಲಿ ಅನ್ನುತ್ತಿದ್ದ. ಅದು ಗಾಳಿಯಲ್ಲಿನ ಆಮ್ಲಜನಕದ ಕೆಲಸ ಅಂತ ಸಾಲಿಯಲ್ಲಿ ಕಲಿತು ಬಂದು ಹೇಳಿದಾಗ ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಅವತ್ತು ನೂಲು ಕೊಡಲು ಬಂದವರಿಗೆಲ್ಲ ನನ್ನಿಂದ ಅದನ್ನು ಹೇಳಿಸಿದ. ತಾನು ಮಾಡುವ ಕೆಲಸ ಪುಸ್ತಕದಲ್ಲಿದೆ ಅನ್ನುವುದು ಅವನಿಗೆ ನಂಬಲಾಗದ ಸಂಗತಿ. ಅವನು ಎರಡನೇ ಇಯತ್ತೆಗೇ ಸಾಲಿ ಬಿಟ್ಟವನು.

ಕಾವಿನ ವಿಷಯದಲ್ಲಿ ಮಾತ್ರ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೀರಿಗೆ ಕಾಸ್ಟಿಕ್ ಬಿದ್ದರೆ ಒಲೆಯಿಲ್ಲದೆ ನೀರು ಕಾಯುತ್ತದೆ. ಬಾನಿಯ ಹೊರಮೈಗೆ ಕೈಯ ಹಿಂಭಾಗ ತಾಗಿಸಿ ಅವನು ಕಾಸ್ಟಿಕ್ ಎಷ್ಟು ಬಿದ್ದಿದೆ, ಇನ್ನೆಷ್ಟು ಬೇಕು ಅಂತ ಹೇಳುತ್ತಿದ್ದ. ಪಕ್ಕದ ರಬಕವಿಯಿಂದ ಬೇರೆ ಬಣ್ಣಗಾರರು ಬಂದು, ನಮ್ಮ ಬಾನಿ ಯಾಕೋ ಕೈ ಕೊಡಾಕತ್ತೈತಿ, ಒಮ್ಮೆ ಬಂದು ಹೋಗ್ರಿ ಅಂತ ಕರೆದುಕೊಂಡು ಹೋಗುತ್ತಿದ್ದರು. ಅವನು ಕೈ ಇಟ್ಟು ಹೇಳಿದ್ದೇ ಕೊನೆಯ ಮಾತು. ಹೊಸಬರು ಯಾರೇ ಶೆಡ್ಡಿಗೆ ಬಂದರೂ ಅವನು ಹೇಳುವ ಮೊದಲ ಮಾತು ಒಂದೇ, ನನಗೂ ನಡೆಯಲು ಬಂದಾಗಿನಿಂದ ಹೇಳಿದ್ದು.

"ನೀರಾಗ ಕಾಸ್ಟಿಕ್ ಬೀಳಬೇಕು. ಕಾಸ್ಟಿಕ್ ಮ್ಯಾಲ ನೀರು ಬೀಳಬಾರದು."

ದಿನದ ಕೆಲಸ ಮುಗಿದ ಮೇಲೆ ಬಣ್ಣಗಾರರ ಕೈ ಲೋಳೆಲೋಳೆ ಆಗಿರುತ್ತದೆ. ಕಾಸ್ಟಿಕ್ ಚರ್ಮವನ್ನು ಸಾಬೂನಿನ ಹಾಗೆ ಜಾರಿಸುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಅದಕ್ಕೆ ಎಲ್ಲ ಬಣ್ಣದ ಶೆಡ್ಡಿನಲ್ಲೂ ಒಂದು ಗೂಡಿನಲ್ಲಿ ಲಿಂಬಿಹಣ್ಣು ಇರುತ್ತಿದ್ದವು. ಅರ್ಧ ಹೋಳನ್ನು ಕೈಗೆ ತಿಕ್ಕಿ ತೊಳೆದರೆ ಜಾರಿಕೆ ಹೋಗುತ್ತದೆ. ಹತ್ತನೇ ತರಗತಿಯಲ್ಲಿ ತಟಸ್ಥೀಕರಣದ ಪಾಠ ಆದ ದಿನ ನಾನು ಓಡಿ ಬಂದು, ಅಪ್ಪಾ, ನಿನ್ನ ಲಿಂಬಿಹಣ್ಣು ನಮ್ಮ ಪಾಠದಾಗ ಬಂದೈತಿ ಅಂತ ಕೂಗಿದೆ. ಕಾಸ್ಟಿಕ್ ಪ್ರತ್ಯಾಮ್ಲ, ಲಿಂಬಿರಸ ಆಮ್ಲ, ಎರಡೂ ಕೂಡಿದರೆ ಒಂದನ್ನೊಂದು ಕೊಂದು ಉಪ್ಪು, ನೀರು ಆಗುತ್ತದೆ. ಅಪ್ಪ ಕೈಯಲ್ಲಿದ್ದ ಹೋಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನ ಮುಖದಲ್ಲಿ ಆಗ ಇದ್ದ ಹೆಮ್ಮೆಯನ್ನು ನಾನು ಮರೆತಿಲ್ಲ.

ಬಾಗಲಕೋಟೆ ಜಿಲ್ಲೆಯಾಗಿ ಎರಡು ವರ್ಷವಾಗಿರಬೇಕು. ಮದುವೆಯ ಸುಗ್ಗಿ, ಸೀರೆಗೆ ಬೇಡಿಕೆ ಏರಿತ್ತು. ಅವ್ವ ಜಮಖಂಡಿಗೆ ಸಂಬಂಧಿಕರ ಮನೆಗೆ ಹೋಗಿದ್ದಳು. ನನಗೆ ಹತ್ತನೇ ಪರೀಕ್ಷೆಯ ಓದಿನ ರಜೆ. ಮಧ್ಯಾಹ್ನ ಊಟ ಮಾಡಿ ಶೆಡ್ಡಿನ ಬಾಗಿಲಲ್ಲೇ ಪುಸ್ತಕ ಹಿಡಿದು ಕೂತಿದ್ದೆ. ಡ್ರಮ್ಮಿನ ತಳದಲ್ಲಿ ಕಾಸ್ಟಿಕ್ ಹಸಿ ಹಿಡಿದು ಹೆಂಟೆ ಕಟ್ಟಿತ್ತು. ಅಪ್ಪ ಕಬ್ಬಿಣದ ಸಲಾಕೆಯಿಂದ ಕುಟ್ಟಿ ನೋಡಿದ, ಬರಲಿಲ್ಲ. ಅವಸರದಲ್ಲಿದ್ದ. ಜೀವಮಾನವೆಲ್ಲ ಬ್ಯಾಡ ಅಂದದ್ದನ್ನು ಅವತ್ತು ತಾನೇ ಮಾಡಿದ. ಒಂದು ತಂಬಿಗೆ ಬಿಸಿನೀರು ತಂದು ಡ್ರಮ್ಮಿಗೆ ಸುರಿದು, ಹೆಂಟೆ ಸಡಿಲಾಯಿತೋ ಇಲ್ಲವೋ ಅಂತ ಬಗ್ಗಿ ನೋಡಿದ.

ಒಗ್ಗರಣೆಗೆ ನೀರು ಬಿದ್ದಂತೆ ಒಂದು ಸದ್ದು ಬಂತು. ಕುದ್ದ ಕಾಸ್ಟಿಕ್ ಅಪ್ಪನ ಕಣ್ಣಿಗೆ ಸಿಡಿಯಿತು. ಎರಡೂ ಕೈ ಮುಖಕ್ಕೆ ಹಿಡಿದು ಕುಕ್ಕರುಗಾಲಿನಲ್ಲಿ ಕೂತುಬಿಟ್ಟ.

ಮುಂದೆ ನಾನು ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಕೈಕಾಲು ಆಡಲಿಲ್ಲ ಅನ್ನುವ ನೆಪವೂ ಇಲ್ಲ. ತಲೆ ಬಲು ಚೆನ್ನಾಗಿ ಓಡುತ್ತಿತ್ತು, ಸುಡುಗಾಡು ತಲೆ. ಅಪ್ಪ ತಡಕಾಡುತ್ತ ನೂಲು ಜಾಲಿಸುವ ನೀರಿನ ಬಕೆಟ್ಟಿನ ಕಡೆ ಸರಿದ. ನಾನು ಅವನ ಬಲಗೈ ಹಿಡಿದು ಎಳೆದೆ. ನೀರು ಬ್ಯಾಡ, ಕಾಸ್ಟಿಕ್ ಮ್ಯಾಲ ನೀರು ಬಿದ್ರ ಮತ್ತ ಕಾವು ಏರ್ತೈತಿ ಅಂದೆ. ಅವನದೇ ಮಾತನ್ನು ಅವನಿಗೇ ಹೇಳಿದೆ. ಆಮೇಲೆ ಗೂಡಿನಿಂದ ಲಿಂಬಿಹಣ್ಣು ತಂದು, ಕೊಯ್ದು, ಅವನ ಬಲಗೈಯನ್ನು ಮೊಣಕಾಲಿನಡಿ ಒತ್ತಿ, ಬಲಗಣ್ಣಿನ ರೆಪ್ಪೆ ಬೆರಳಿನಿಂದ ಅಗಲಿಸಿ ಹಿಂಡಿದೆ. ಒಂದು ಹೋಳು ಹಿಂಡಿ, ಸಾಲದೆಂದು ಇನ್ನೊಂದೂ ಹಿಂಡಿದೆ. ಹಿಂಡುತ್ತ ಹಿಂಡುತ್ತ, ತಟಸ್ಥ ಆಗತೈತಿ ಅಪ್ಪಾ, ಈಗ ಆಗತೈತಿ ಅಂತ ಹೇಳುತ್ತಲೇ ಇದ್ದೆ. ಅವನ ಎಡಗೈ ಮಾತ್ರ ನನ್ನ ಹಿಡಿತದಲ್ಲಿರಲಿಲ್ಲ. ಆ ಕೈ ತನ್ನ ಪಾಡಿಗೆ ತಾನು ಬಕೆಟ್ಟಿನಿಂದ ನೀರು ಗೋರಿ ಗೋರಿ ಎಡಗಣ್ಣಿಗೆ ಎರಚುತ್ತಿತ್ತು.

ತಟಸ್ಥೀಕರಣದ ಉಷ್ಣವು ಸುತ್ತಲಿನ ವಸ್ತುಗಳಿಗೆ ವರ್ಗಾವಣೆಯಾಗುತ್ತದೆ ಎಂದು ಈಗ ಮಕ್ಕಳಿಗೆ ಬರೆಸುತ್ತೇನೆ. ಅವತ್ತು ಸುತ್ತಲಿನ ವಸ್ತು ನಮ್ಮಪ್ಪನ ಕಣ್ಣಾಗಿತ್ತು.

ಪಕ್ಕದ ಮಗ್ಗದ ಮನೆಯವರು ಓಡಿ ಬಂದರು. ಊರ ಡಾಕ್ಟರು ಎರಡೂ ಕಣ್ಣಿಗೆ ಒಂದೇ ಸಮನೆ ನೀರು ಬಿಟ್ಟು ತೊಳೆದು, ತಡ ಮಾಡದೆ ಮಿರಜಿಗೆ ಕರೆದುಕೊಂಡು ಹೋಗಿ ಅಂದರು. ಜೀಪಿನಲ್ಲಿ ಅಪ್ಪನ ತಲೆ ನನ್ನ ತೊಡೆಯ ಮೇಲಿತ್ತು. ಅವನ ಮುಖದಿಂದ ಲಿಂಬಿಹಣ್ಣಿನ ವಾಸನೆ ಬರುತ್ತಿತ್ತು. ಆ ವಾಸನೆಗೆ ಮೊದಲ ಬಾರಿ ನನಗೆ ಹೆದರಿಕೆಯಾಯಿತು.

ಮಿರಜಿನ ಕಣ್ಣಿನ ದವಾಖಾನೆಯ ಡಾಕ್ಟರು ವಯಸ್ಸಾದವರು, ಮರಾಠಿ ಬೆರೆಸಿದ ಕನ್ನಡ ಮಾತಾಡುತ್ತಿದ್ದರು. ಲೈಟು ಹಿಡಿದು ಬಹಳ ಹೊತ್ತು ನೋಡಿದರು. ಎಡಗಣ್ಣು ಉಳಿದಿದೆ, ಸ್ವಲ್ಪ ಮಂಜು ನಿಂತರೂ ನಿಲ್ಲಬಹುದು. ಬಲಗಣ್ಣಿನ ಪಾಪೆ ಆಗಲೇ ಬೆಳ್ಳಗಾಗಿದೆ ಅಂದರು. ಒಂದೇ ಸಲಕ್ಕೆ ಸಿಡಿದ ಕಾಸ್ಟಿಕ್, ಎರಡು ಕಣ್ಣಿಗೆ ಎರಡು ಗತಿ ಹೇಗೆ ಬಂತು ಅಂತ ಅವರೇ ಆಶ್ಚರ್ಯಪಟ್ಟರು. ಆಮೇಲೆ ಮೂಗು ಹತ್ತಿರ ತಂದು ಕೇಳಿದರು.

"ಇದರಾಗ ಲಿಂಬು ಯಾರು ಹಿಂಡಿದ್ರು?"

ನಾನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆದಿದ್ದೆ ಅಂತ ನನಗೆ ನೆನಪಿದೆ. ಇಲ್ಲ, ಹಾಗೆ ನೆನಪಿಟ್ಟುಕೊಂಡಿದ್ದೇನೆ, ಖರೆ ಏನೋ ಗೊತ್ತಿಲ್ಲ.

"ನಾನಽ ಹಿಂಡಿಕೊಂಡೇನ್ರಿ ಸಾಹೇಬ್ರ," ಅಂದ ಅಪ್ಪ. "ಕೈಗೆ ಹಚ್ಚೂದು ರೂಢಿ ಐತ್ರಿ. ಕಣ್ಣಿಗೂ ನಡೀತೈತಿ ಅನಕೊಂಡೆ."

ಡಾಕ್ಟರು ಬೈದರು. ಕೆಟ್ಟ ಮನುಷ್ಯರಲ್ಲ, ಹೊಟ್ಟೆಯುರಿದು ಬೈದರು. ಬರೀ ನೀರು ಹಾಕಿದ್ದರೆ ಇದೂ ಬಹುಶಃ ಉಳಿಯುತ್ತಿತ್ತು, ಓದುಬರಹ ಇಲ್ಲದಿದ್ದರೆ ಹೀಗೇ ಆಗುವುದು ಅಂದರು. ನನ್ನ ಕಡೆ ತಿರುಗಿ, ನೀನಾದರೂ ಓದುತ್ತೀಯಲ್ಲ, ಅಪ್ಪನಿಗೆ ತಿಳಿಸಿ ಹೇಳಬಾರದೇ ಎಂದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ದುಃಖ ಅಂತ ತಿಳಿದುಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕಿಟಕಿಯ ಪಕ್ಕ ಕೂತಿದ್ದ. ಬಸ್ಸು ಕುಡಚಿ ದಾಟಿತು. ಆಮೇಲೆ ತಾನಾಗಿ, ಮೆಲ್ಲಗೆ ಹೇಳಿದ.

"ಊರಾಗೂ ನಾನಽ ಹಿಂಡಿಕೊಂಡೆ ಅಂತಽ ಹೇಳತೇನಿ. ನೀ ಬಾಯಿ ಬಿಡಬ್ಯಾಡ ಯವ್ವಾ. ಓದಿದಾಕಿ ಮಾಡಿದ್ಲು ಅಂದ್ರ, ಸಾಕು ಸಾಲಿ ಬಿಡಸ್ರಿ ಅಂತಾರ ಮಂದಿ. ನನಗ ಹೆಂಗೂ ಸಾಲಿ ಇಲ್ಲ."

ಅವನ ಲೆಕ್ಕ ಅರ್ಧ ಸರಿಯಾಯಿತು. ನನ್ನನ್ನು ಯಾರೂ ಸಾಲಿ ಬಿಡಿಸಲಿಲ್ಲ. ಆದರೆ ಮಂದಿ ಅವನನ್ನು ಬಿಡಲಿಲ್ಲ. ನಮ್ಮ ಕಡೆ ಅಡ್ಡಹೆಸರು ಇಡುವುದಕ್ಕೆ ಒಂದು ದಿನ ಸಾಕು. ಹದಿನೈದು ದಿನದಲ್ಲಿ ಅವನು ಲಿಂಬಿಹಣ್ಣಿನ ಬಣ್ಣಗಾರ ಆಗಿದ್ದ. ಹೆಸರಿಟ್ಟವರಿಗೆ ಅವನ ಮೇಲೆ ದ್ವೇಷವೇನಿರಲಿಲ್ಲ, ಮನೆ ಹುಡುಕಿಕೊಂಡು ಬರುವವರಿಗೆ ಗುರುತು ಹೇಳಲು ಅನುಕೂಲ, ಅಷ್ಟೇ. ಚಹಾದ ಅಂಗಡಿಯಲ್ಲಿ, ಇವತ್ತು ಚಹಾಕ್ಕೂ ಲಿಂಬಿಹಣ್ಣು ಹಿಂಡ್ಲೇನೋ ಅಂತ ಚೇಷ್ಟೆ ಮಾಡುತ್ತಿದ್ದರು. ಅಪ್ಪ ಅವರ ಜೊತೆ ತಾನೂ ನಗುತ್ತಿದ್ದ. ಆ ನಗುವನ್ನು ನಾನು ಕಂಡಿದ್ದೇನೆ, ಕಂಡು ಪಿಯುಸಿಗೆ ಜಮಖಂಡಿಯ ಬಸ್ಸು ಹತ್ತಿದ್ದೇನೆ.

ರಬಕವಿಯ ಬಣ್ಣಗಾರರು ಬಾನಿ ನೋಡಲು ಕರೆಯುವುದನ್ನು ನಿಲ್ಲಿಸಿದರು. ಕಣ್ಣು ಹೋಗಿದ್ದಕ್ಕಲ್ಲ. ಅವನು ನೋಡುತ್ತಿದ್ದದ್ದು ಕೈಯಿಂದ, ಕೈ ನೆಟ್ಟಗಿತ್ತು. ಕಾಸ್ಟಿಕ್ ಬಿದ್ದ ಕಣ್ಣಿಗೆ ಲಿಂಬಿಹಣ್ಣು ಹಿಂಡಿಕೊಳ್ಳುವವನ ಮಾತು ಕೇಳಿ ನಾವು ಬಾನಿ ಕೆಡಿಸಿಕೊಳ್ಳುವುದೇ ಅನ್ನುವುದು ಅವರ ವಿಚಾರ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ಕ್ರಮೇಣ ಎಡಗಣ್ಣಿನ ಮಂಜೂ ಬೆಳೆಯಿತು. ವ್ಯಾಪಾರಿ ಕೊಟ್ಟ ತುಣುಕಿನ ಬಣ್ಣಕ್ಕೂ ಅಪ್ಪ ಹಾಕಿದ ಬಣ್ಣಕ್ಕೂ ಕೂಡುತ್ತಿರಲಿಲ್ಲ. ನೀಲಿ, ಕರಿ ಒಂದೇ ಕಾಣುತ್ತಿದ್ದವು. ಒಂದೇ ಕಣ್ಣಿಗೆ ದೂರ ತಿಳಿಯದೆ, ಬಾನಿಗೆ ಸುರಿಯುವ ಬಣ್ಣ ಕೆಲವೊಮ್ಮೆ ಬಾನಿಯ ಹೊರಗೆ ನೆಲಕ್ಕೆ ಬೀಳುತ್ತಿತ್ತು. ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಅವನು ಶೆಡ್ಡು ಬಾಡಿಗೆಗೆ ಕೊಟ್ಟು, ಅವ್ವನ ಜೊತೆ ಕೂತು ಕಂಡಿಕೆ ಸುತ್ತತೊಡಗಿದ. ಮಗ್ಗದ ಲಾಳಿಗೆ ನೂಲು ಸುತ್ತುವ ಆ ಕೆಲಸ ನಮ್ಮಲ್ಲಿ ಹೆಂಗಸರದು, ಮುದುಕಿಯರದು. ಗಂಡಸರು ಬಂದರೆ ಅವನು ರಾಟಿಯಿಂದ ಎದ್ದು ನಿಲ್ಲುತ್ತಿದ್ದ.

ನನಗೆ ನೌಕರಿ ಬಂದ ಮೇಲೆ ಹೇಳಬಹುದಾಗಿತ್ತು. ಇನ್ನು ನನ್ನನ್ನು ಯಾರು ಸಾಲಿ ಬಿಡಿಸುತ್ತಿದ್ದರು? ಆದರೆ ಅಷ್ಟರಲ್ಲಿ ಮದುವೆಯಾಗಿತ್ತು. ಸೊಸೆ ಸೈನ್ಸ್ ಟೀಚರು ಅಂತ ಅತ್ತೆಮನೆಯವರು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಇವತ್ತು ಬೇಡ, ನಾಳೆ ಅಂತ ತಳ್ಳಿದೆ. ತಳ್ಳಿದ್ದಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಬಾಗಲಕೋಟೆಯ ನವನಗರದಲ್ಲಿ ವಿಜ್ಞಾನ ಶಿಕ್ಷಕರ ತರಬೇತಿ ಇತ್ತು. ಪಾಠಕ್ಕೆ ಜೀವನದಿಂದ ಒಂದು ಉದಾಹರಣೆ ಕೊಡಿ ಎಂದರು. ಎಲ್ಲರೂ ಜಠರದ ಆಮ್ಲ, ಇರುವೆ ಕಡಿತ ಅಂತ ಹೇಳಿದರು. ನಾನು ಎದ್ದು ನಿಂತು, ಒಬ್ಬ ಅನಕ್ಷರಸ್ಥ ಬಣ್ಣಗಾರ ತನ್ನ ಕಣ್ಣಿಗೆ ತಾನೇ ಲಿಂಬಿಹಣ್ಣು ಹಿಂಡಿಕೊಂಡ ಕಥೆ ಹೇಳಿದೆ. ಒಂದು ಕಣ್ಣಿಗೆ ನೀರು, ಒಂದು ಕಣ್ಣಿಗೆ ಆಮ್ಲ, ಪ್ರಯೋಗಶಾಲೆಯಲ್ಲೂ ಇಷ್ಟು ಸ್ಪಷ್ಟವಾಗಿ ತೋರಿಸಲಾಗದು ಅಂದೆ. ಎಲ್ಲರೂ ಬರೆದುಕೊಂಡರು. ಊಟದ ಸಾಲಿನಲ್ಲಿ ಒಬ್ಬ ಮಾಸ್ತರರು, ಅಂವ ನಮ್ಮ ಬನಹಟ್ಟಿಯಂವಽ ಅದಾನ್ರಿ ಟೀಚರ್, ಲಿಂಬಿಹಣ್ಣಿನ ಬಣ್ಣಗಾರ ಅಂತಾರ ಅವಗ ಅಂತ ನಕ್ಕರು. ಹೌದೇನ್ರಿ ಅಂತ ನಾನೂ ನಕ್ಕೆ. ಹೌದು, ನಕ್ಕೆ. ಮಾಡಿದ ತಪ್ಪು ಹದಿನಾರರ ಹುಡುಗಿಯದು, ಅದಕ್ಕೆ ಕ್ಷಮೆ ಇದ್ದರೂ ಇರಬಹುದು. ಈ ನಗು ಮೂವತ್ತರ ಹತ್ತಿರದ ಹೆಂಗಸಿನದು.

ಅಲ್ಲಿಂದ ಮನೆಗೆ ಹೋಗಲಿಲ್ಲ, ನೇರ ಬನಹಟ್ಟಿಗೆ ಹೋದೆ. ಅವ್ವ ನೀರಿಗೆ ಹೋಗಿದ್ದಳು. ಅಪ್ಪ ರಾಟಿಯ ಮುಂದೆ ಕೂತಿದ್ದ. ತರಬೇತಿಯಲ್ಲಿ ಆಡಿದ್ದನ್ನೆಲ್ಲ ಅವನ ಮುಂದೆ ಒಂದೂ ಬಿಡದೆ ಒಪ್ಪಿಸಿದೆ. ಅವನು ಬೈಯುತ್ತಾನೆ ಅಂತ ಆಸೆಯಿತ್ತು. ಕೊನೆಗೂ ಬೈಯಲಿಲ್ಲ. ನಾ ಹೇಳಿದ್ದನ್ನಽ ನೀನೂ ಹೇಳಿದಿ, ಅದರಾಗೇನೈತಿ ಅಂದ. ಈಗಲೇ ಹೋಗಿ ಎಲ್ಲರಿಗೂ ಹೇಳುತ್ತೇನೆ ಅಂತ ನಾನು ಎದ್ದಾಗ ಮಾತ್ರ ಸೆರಗು ಹಿಡಿದು ಕೂರಿಸಿದ. ಆಮೇಲೆ ಅವನು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ.

"ಕಣ್ಣಿಂದು ನನಗ ಏನೂ ಇಲ್ಲವ್ವಾ. ಬಣ್ಣಗಾರರು ನನ್ನ ಹುಚ್ಚ ಅನಕೊಂಡ್ರಲ್ಲ, ಅದೊಂದು ಕಡೀತೈತಿ. ನಲವತ್ತು ವರ್ಷ ಕಾಸ್ಟಿಕ್‌ನಾಗ ಕೈ ಇಟ್ಟಾಂವ ನಾ. ನಾ ಇರೂತನಕ ಸುಮ್ನಿರು. ಹ್ವಾದ ಮ್ಯಾಲ ಅವರಿಗಿ ಅಷ್ಟು ಹೇಳು."

ಹೇಳುತ್ತೇನೆ ಅಂತ ಅವನ ಕೈ ಹಿಡಿದು ಮಾತು ಕೊಟ್ಟೆ.

ಮೂರು ವರ್ಷದ ಮೇಲೆ, ಒಂದು ಬೇಸಿಗೆಯಲ್ಲಿ, ಅಪ್ಪ ಹೋದ. ಮೂರನೆಯ ದಿನ ಮಾತಾಡಿಸಲು ಬಂದವರಿಂದ ಪಡಸಾಲೆ ತುಂಬಿತ್ತು. ಒಂದು ಬದಿ ನನ್ನ ಅತ್ತೆಮನೆಯವರು, ಇನ್ನೊಂದು ಬದಿ ಬಣ್ಣಗಾರರು, ಹಳಬರು ಐದಾರು ಮಂದಿ, ಬೆರಳಿನ ಉಗುರೆಲ್ಲ ಇನ್ನೂ ನೀಲಿ. ಅವರಲ್ಲಿ ಹಿರಿಯ ಅಪ್ಪನ ಕಾಲದವನು, ಒಂದು ಕಾಲಕ್ಕೆ ಅಪ್ಪನನ್ನು ಬಾನಿ ನೋಡಲು ಕರೆದೊಯ್ಯುತ್ತಿದ್ದವನು. ಅಪ್ಪನ ಒಳ್ಳೆಯ ಗುಣಗಳನ್ನೆಲ್ಲ ಹೇಳಿದ. ಅವನಂಥ ಕೈ ಈ ಎರಡೂ ಊರಲ್ಲಿ ಇರಲಿಲ್ಲ ಅಂದ. ಕಡೆಗೆ ನಿಟ್ಟುಸಿರುಬಿಟ್ಟು, ಆದ್ರ ಓದು ಇರಲಿಲ್ಲ ನೋಡ್ರಿ, ಅದೊಂದು ಲಿಂಬಿಹಣ್ಣಿನಿಂದ ಎಲ್ಲಾ ಹಾಳಾತು ಅಂದ. ಸುತ್ತ ಕೂತವರು ತಲೆಯಾಡಿಸಿದರು.

ನನ್ನ ಅತ್ತೆಮನೆಯವರು ಎದುರಿಗೇ ಕೂತಿದ್ದರು. ಆದರೂ ಹೇಳಿದೆ.

"ಅಪ್ಪ ಹಿಂಡಿಕೊಂಡಿಲ್ರಿ ಕಾಕಾ. ಅಂವ ನೀರಿಗೆ ಹೊಂಟಿದ್ದ. ನಾ ಕೈ ಹಿಡದು ಜಗ್ಗಿ ನಾನಽ ಹಿಂಡೇನಿ."

ಆ ಮುದುಕನ ಮುಖದಲ್ಲಿ ಮೂಡಿದ್ದು ಸಿಟ್ಟಲ್ಲ, ಆಶ್ಚರ್ಯವೂ ಅಲ್ಲ, ಕನಿಕರ. ಪಾಪ, ಅಪ್ಪನ ಮೇಲೆ ಭಾಳ ಜೀವ ಅಂದ ಪಕ್ಕದವನಿಗೆ. ನನ್ನ ಮಾವನವರು, ಸೈನ್ಸ್ ಕಲಿಸೂವಾಕಿ ಹಂಗ ಮಾಡ್ತಾಳೇನ್ರಿ, ದುಃಖದಾಗ ಏನರೆ ಅಂತಾಳ ಅಂದರು. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅವ್ವ ಬಂದು ನನ್ನ ಪಕ್ಕ ಕೂತಳು. ಸೆರಗಿನಡಿಯಲ್ಲಿ ನನ್ನ ಮಣಿಕಟ್ಟು ಹಿಡಿದು, ಬಳೆ ಒತ್ತುವಷ್ಟು ಬಿಗಿಯಾಗಿ ಅಮುಕಿದಳು.

"ಅವರಽ ಹಿಂಡಿಕೊಂಡಿದ್ದು," ಅಂದಳು ಎಲ್ಲರಿಗೂ ಕೇಳುವಂತೆ. "ನಾ ಇಲ್ಲೇ ಇದ್ದೆ, ಕಣ್ಣಾರೆ ನೋಡೀನಿ."

ಕಣ್ಣು ಹೋದ ದಿನ ಜಮಖಂಡಿಗೆ ಹೋಗಿದ್ದವಳು ಅವಳು. ನಾನು ಅವಳ ಮುಖ ನೋಡಿದೆ. ಅವಳು ನನ್ನ ಅತ್ತೆಮನೆಯವರ ಕಡೆ ನೋಡುತ್ತಿದ್ದಳು. ಅವಳಿಗೆ ಎಷ್ಟು ವರ್ಷದಿಂದ ಗೊತ್ತಿತ್ತು ಅಂತ ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಿಲ್ಲ. ಅವ್ವಾ ಬಿಡು ಅಂತ ಕೈ ಕೊಸರಿದೆ. ಅವಳು ಬಿಡಲಿಲ್ಲ. ನನ್ನ ಕಿವಿಗೆ ಮಾತ್ರ ಕೇಳುವಂತೆ, ಅವರು ಸಾಯೂತನಕ ಹೊತ್ತಾರ, ನೀ ಈಗ ಚೆಲ್ಲಬ್ಯಾಡ ಅಂದಳು. ಅಪ್ಪ ನನಗೆ ಒಪ್ಪಿಸಿದ್ದು ಬೇರೆ ಅಂತ ಅವಳಿಗೆ ಗೊತ್ತಿರಲಿಲ್ಲ. ಹೇಳೋಣವೆಂದರೆ ಅಳು ಬಂತು. ಅಳು ಬಂದದ್ದೇ ಅವರೆಲ್ಲರ ಮಾತಿಗೆ ಸಾಕ್ಷಿಯಾಯಿತು.

ಚಹಾ ಬಂತು, ಎಲ್ಲರೂ ಕುಡಿದರು. ಹೊರಡುವಾಗ ಬಣ್ಣಗಾರರು ಒಬ್ಬೊಬ್ಬರಾಗಿ ಅವ್ವನಿಗೆ ಕೈ ಮುಗಿದರು. ಹಿರಿಯನು ಮಾತ್ರ ಬಾಗಿಲಲ್ಲಿ ನಿಂತು, ನನ್ನ ತಲೆಯ ಮೇಲೆ ಕೈ ಇಟ್ಟ.

"ಸಾಲ್ಯಾಗ ಹುಡುಗರಿಗಿ ಛಲೋ ತಿಳಿಸಿ ಹೇಳವ್ವಾ. ನಿಮ್ಮಪ್ಪನಂಗ ಇನ್ನೊಬ್ಬರು ಮಾಡಬಾರದು."

ಅವ್ವ ನನ್ನ ಹಿಂದೆಯೇ ನಿಂತಿದ್ದಳು. ನಾನು ಹೂಂನ್ರಿ ಅಂದೆ.